ನೇಪಾಳದೇಶದ ಪಾಠಶಾಲೆಗಳೂ ವಿಶ್ವವಿದ್ಯಾನಿಲಯಗಳೂ

ಒಂದು ದೇಶದ ವಿದ್ಯಾವ್ಯವಸ್ಥೆಯನ್ನು ಅರಿಯಬೇಕಾದರೆ ಅಲ್ಲಿ ಶಾಲೆಗಳೆಷ್ಟು, ಉಪಾಧ್ಯಾಯರೆಷ್ಟು ಎಂಬ ಗಣನೆಯೊಂದೇ ಸಾಲದು. ಅಲ್ಲಿ ಓದುವುದಕ್ಕೆ ಯಾರಿಗೆ ಅಧಿಕಾರವಿತ್ತು, ಯಾವ ಭಾಷೆಯಲ್ಲಿ ಓದಬೇಕಾಗಿತ್ತು, ಯಾವುದನ್ನು ಓದಕೂಡದೆಂಬ ನಿರ್ಬಂಧವಿತ್ತು ಎಂಬೀ ಮೂರು ಅಂಶಗಳನ್ನು ವಿಚಾರಿಸಿದಲ್ಲದೆ ಆ ವ್ಯವಸ್ಥೆಯ ತತ್ತ್ವವು ಗೋಚರವಾಗಲಾರದು. ಹಿಮವತ್ಪರ್ವತದ ಮಡಿಲಲ್ಲಿರುವ ನೇಪಾಳದೇಶದ ಆಧುನಿಕ ವಿದ್ಯಾಚರಿತ್ರೆಯಲ್ಲಿ ಈ ಮೂರು ಪ್ರಶ್ನೆಗಳೂ ಬಹು ಸ್ಫುಟವಾಗಿ ತಲೆದೋರಿವೆ. ಸಂಸ್ಕೃತ, ಇಂಗ್ಲಿಷು, ರಾಜ್ಯಭಾಷೆ, ಮಾತೃಭಾಷೆ ಎಂಬ ನಾಲ್ಕೂ ಅಲ್ಲಿಯ ಶಾಲೆಯಲ್ಲಿ ಒಂದರೊಡನೊಂದು ಎದುರಾಗಿರುವುದರಿಂದ, ಭಾಷಾಸಾಹಿತ್ಯಗಳ ಉಪಾಧ್ಯಾಯರಿಗೆ ಈ ವೃತ್ತಾಂತವು ವಿಶೇಷವಾಗಿ ವಿಚಾರಾರ್ಹವಾಗಿದೆ.

ನೇಪಾಳಿ ಭಾಷೆಯಲ್ಲಿ ವಿದ್ಯಾಭ್ಯಾಸಕ್ಕೆ “ಶಿಕ್ಷಾ” ಎಂದು ಹೆಸರು. ವಿದ್ಯೆಯನ್ನು ಪಡೆಯುವುದೆಂಬುದೇ ಆ ಧಾತುವಿನ ಮೂಲಾರ್ಥವಾದ್ದರಿಂದ ಈ ಪ್ರಯೋಗವು ಸಾಧುವಾದದ್ದೇ. ಕನ್ನಡದಲ್ಲಾದರೋ “ಶಿಕ್ಷಣ”ವು ಕಲಿಕೆಗೂ “ಶಿಕ್ಷೆ”ಯು ದಂಡನೆಗೂ ಸಂದುಹೋಗಿವೆ. ಕಲಿಕೆಯನ್ನು ಕೇಳಿದವರಿಗೆ ಕನ್ನಡದ ಅರ್ಥದ ಶಿಕ್ಷೆಯೇ ಲಭಿಸಿದ ಕಾಲವೊಂದು ನೇಪಾಳದಲ್ಲಿತ್ತೆಂಬುದು ಮುಂದೆ ತಿಳಿದುಬರುವುದು.

೧. ದೇಶಸ್ಥಿತಿ

ನೇಪಾಳವು ಉತ್ತರದಲ್ಲಿ ಚೀನಾದ ಟಿಬೆಟ್ಟನ್ನೂ ಉಳಿದ ಮೂರು ದಿಕ್ಕುಗಳಲ್ಲಿ ಭಾರತವನ್ನೂ ಎಲ್ಲೆಯಾಗಿ ಉಳ್ಳದ್ದು. ಅದಕ್ಕೆ ಸಮುದ್ರತೀರವಿಲ್ಲ. ಸುಮಾರು ೧ ಲಕ್ಷ ೪೭ ಸಾವಿರ ಚದರ ಕಿಲೋಮೀಟರು ವಿಸ್ತೀರ್ಣವುಳ್ಳ ಈ ದೇಶವನ್ನು ತರಾಯಿ, ಪಹಾಡ್, ಹಿಮಾಲ್ ಎಂದು ಮೂರು ಪಟ್ಟಿಗಳಾಗಿ ವಿಭಾಗಿಸುವುದು ರೂಢಿ. ತರಾಯಿಯು ಗಂಗಾಬಯಲಿನ ಅಂಚಾದ ಸಮತಲಭೂಮಿ. ಪಹಾಡ್ ಬೆಟ್ಟಗಳ ಮಧ್ಯಭಾಗ. ಹಿಮಾಲ್ ೮,೮೪೮ ಮೀಟರು ಎತ್ತರದ ಸಗರಮಾಥಾ ಶಿಖರವನ್ನೊಳಗೊಂಡ ಹಿಮಪ್ರದೇಶ.

ಈ ಭೂರಚನೆಯು ಶಾಲೆಯ ದಿನಚರಿಯನ್ನೇ ನಿಯಮಿಸುತ್ತದೆ. ವಿಕ್ರಮಶಕೆಯ ವೈಶಾಖದಲ್ಲಿ ವಿದ್ಯಾವರ್ಷವು ಮೊದಲಾಗುವುದು ದೇಶಕ್ಕೆಲ್ಲ ಸಮಾನವಾದರೂ, ತರಾಯಿಯ ಶಾಲೆಗಳಿಗೆ ದೀರ್ಘವಾದ ರಜೆಯು ಬೇಸಗೆಯಲ್ಲಿಯೂ ಎತ್ತರದ ಬೆಟ್ಟಗಳ ಶಾಲೆಗಳಿಗೆ ಚಳಿಗಾಲದಲ್ಲಿಯೂ ದೊರೆಯುತ್ತದೆ. ರಸ್ತೆಯಿಲ್ಲದ ಹಳ್ಳಿಗಳ ಮಕ್ಕಳು ಶಾಲೆಗೆ ಗಂಟೆಗಟ್ಟಲೆ ಏರಿಳಿದು ನಡೆಯಬೇಕು. ಪುಸ್ತಕಗಳು ಹಲವು ಊರುಗಳಿಗೆ ಆಳಿನ ಬೆನ್ನಮೇಲೆಯೋ ಹೇಸರಗತ್ತೆಯ ಮೇಲೆಯೋ ಬಂದು ಸೇರಬೇಕು. ಸುಮಾರು ೩,೮೦೦ ಮೀಟರು ಎತ್ತರದಲ್ಲಿರುವ ಶೆರ್ಪಾ ಜನರ ಖುಮ್‌ಜುಂಗ್ ಗ್ರಾಮಕ್ಕೆ ಶಾಲೆಯು ಬಂದದ್ದು ೧೯೬೧ರಲ್ಲಿ; ಅದನ್ನು ಕಟ್ಟಿಸಿಕೊಟ್ಟವರು ಸಗರಮಾಥಾರೋಹಣದಿಂದ ಪ್ರಸಿದ್ಧರಾದ ಎಡ್ಮಂಡ್ ಹಿಲರಿಯವರು.

ಬೆಟ್ಟಗಳು ದಾರಿಯನ್ನು ತಡೆದಂತೆ ಭಾಷೆಗಳನ್ನು ಬೇರೆಬೇರೆಯಾಗಿ ಕಾಪಾಡಿಯೂ ಇವೆ. ೨೦೨೧ರ ಜನಗಣತಿಯಲ್ಲಿ ೧೨೪ ಮಾತೃಭಾಷೆಗಳು ಲೆಕ್ಕಕ್ಕೆ ಬಂದವು. ರಾಜ್ಯಭಾಷೆಯಾದ ನೇಪಾಳಿಯನ್ನು ಮಾತೃಭಾಷೆಯಾಗಿ ಉಳ್ಳವರು ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಕಡಿಮೆ. ತಾಯಿಯ ಮಾತೊಂದು, ಶಾಲೆಯ ಮಾತೊಂದು ಎಂಬ ಸಂಕಟವು ಆ ದೇಶದ ಬಹುಭಾಗದ ಮಕ್ಕಳಿಗೆ ಮೊದಲ ದಿನದಿಂದಲೇ ಅನುಭವಸಿದ್ಧವಾದುದು.

೨. ಪ್ರಾಚೀನ ವಿದ್ಯೆ

ನೇಪಾಳದಲ್ಲಿ ಶಾಸ್ತ್ರವಿದ್ಯೆಯು ಹೊಸದಲ್ಲ. ಕಾಠಮಾಂಡು ಕಣಿವೆಯ ಚಾಂಗುನಾರಾಯಣ ದೇವಾಲಯದಲ್ಲಿ ಲಿಚ್ಛವಿವಂಶದ ಮಾನದೇವನ ಶಿಲಾಸ್ತಂಭಶಾಸನವಿದೆ; ಕ್ರಿ. ಶ. ೪೬೪ರ ಈ ಶಾಸನವು ಸಂಸ್ಕೃತದಲ್ಲಿದೆ. ಕಣಿವೆಯ ಬೌದ್ಧವಿಹಾರಗಳಲ್ಲಿ ಗ್ರಂಥಗಳ ಪ್ರತಿಲೇಖನವು ಶತಮಾನಗಳ ಪರ್ಯಂತ ನಡೆಯಿತು. ಇತರ ಕಡೆಗಳಲ್ಲಿ ಜೀರ್ಣವಾಗಿ ಹೋದ ಎಷ್ಟೋ ತಾಳೆಯೋಲೆಗಳು ಅಲ್ಲಿಯ ಶೀತಹವೆಯಲ್ಲಿ ಉಳಿದುಬಂದವು. ಹರಪ್ರಸಾದ ಶಾಸ್ತ್ರಿಗಳು ೧೯೦೭ರಲ್ಲಿ ಚರ್ಯಾಪದಗಳ ಹಸ್ತಪ್ರತಿಯನ್ನು ಕಂಡದ್ದು ಅಲ್ಲಿಯ ದರಬಾರಿನ ಪುಸ್ತಕಭಂಡಾರದಲ್ಲಿ. ೧೯೭೦ರಿಂದ ಮುಂದೆ ಜರ್ಮನ್ ವಿದ್ವಾಂಸರ ಸಹಕಾರದೊಡನೆ ಆ ದೇಶದ ಹಸ್ತಪ್ರತಿಗಳ ಸೂಕ್ಷ್ಮಛಾಯಾಚಿತ್ರಗಳನ್ನು ತೆಗೆಯಿಸಿ ಕಾಠಮಾಂಡುವಿನ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಇರಿಸಲಾಗಿದೆ.

ಈ ಪ್ರಾಚೀನ ವಿದ್ಯೆಯಲ್ಲಿ ಕರ್ಣಾಟಕದ ಹೆಸರೂ ಸೇರಿದೆ. ಕ್ರಿ. ಶ. ೧೦೯೭ರಲ್ಲಿ ಮಿಥಿಲೆಯಲ್ಲಿ ರಾಜ್ಯವನ್ನು ಸ್ಥಾಪಿಸಿದ ನಾನ್ಯದೇವನ ವಂಶಕ್ಕೆ ಕರ್ಣಾಟವಂಶವೆಂದೇ ಪ್ರಸಿದ್ಧಿ. ಅವರ ರಾಜಧಾನಿಯಾಗಿದ್ದ ಸಿಮ್ರೌನ್‌ಗಢದ ಅವಶೇಷಗಳು ಈಗಿನ ನೇಪಾಳದ ತರಾಯಿಯಲ್ಲಿ, ಬಾರಾ ಜಿಲ್ಲೆಯಲ್ಲಿವೆ. ನಾನ್ಯದೇವನು ಭರತನ ನಾಟ್ಯಶಾಸ್ತ್ರಕ್ಕೆ ಭಾಷ್ಯವನ್ನು ಬರೆದವನು. ಆ ವಂಶದ ಕೊನೆಯ ಅರಸನಾದ ಹರಿಸಿಂಹದೇವನ ಮಂತ್ರಿಯಾಗಿದ್ದ ಚಂಡೇಶ್ವರ ಠಕ್ಕುರನ “ರತ್ನಾಕರ”ಗಳು ಧರ್ಮಶಾಸ್ತ್ರದ ನಿಬಂಧಗಳಲ್ಲಿ ಗಣ್ಯವಾದವು. ಘಿಯಾಸುದ್ದೀನ್ ತುಘಲಕನ ದಂಡಯಾತ್ರೆಯಿಂದ ರಾಜಧಾನಿಯು ಹಾಳಾಗಲು ಹರಿಸಿಂಹದೇವನು ಉತ್ತರದ ಬೆಟ್ಟಗಳ ಕಡೆಗೆ ಹೊರಟುಹೋದನು. ಪಶುಪತಿನಾಥನ ಸನ್ನಿಧಿಯಲ್ಲಿ ಅರ್ಚಕರಾಗಿ ದಕ್ಷಿಣದೇಶದ ಭಟ್ಟರೇ ನಿಯುಕ್ತರಾಗುವ ಸಂಪ್ರದಾಯವುಂಟು. ಈಗಿನ ಕಾಲದಲ್ಲಿ ಅವರು ಕರ್ಣಾಟಕದವರೇ ಆಗಿರುವುದು ಕನ್ನಡಿಗರಿಗೆ ತಿಳಿದ ಸಂಗತಿ.

ಆದರೆ ಈ ವಿದ್ಯೆಯು ಯಾರ ಸೊತ್ತಾಗಿತ್ತೆಂಬುದನ್ನು ಮರೆಯಕೂಡದು. ಶಾಸ್ತ್ರವು ಬ್ರಾಹ್ಮಣನ ಮನೆಯಲ್ಲಿಯೂ ಬೌದ್ಧವಿಧಿಯು ವಜ್ರಾಚಾರ್ಯನ ಮನೆಯಲ್ಲಿಯೂ ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಹೆಚ್ಚಿನ ವ್ಯಾಸಂಗವನ್ನು ಬಯಸಿದವನು ಕಾಶಿಗೆ ಹೋಗುತ್ತಿದ್ದನು. ಸ್ತ್ರೀಯರೂ ಕೃಷಿಕರೂ ಅಂತ್ಯಜರೆನಿಸಿಕೊಂಡವರೂ ಬಹುಮಟ್ಟಿಗೆ ಇದರ ಹೊರಗಿದ್ದರು. ವಿದ್ಯೆ ಇತ್ತು, ಸಾರ್ವಜನಿಕವಾದ ಶಾಲೆ ಇರಲಿಲ್ಲ.

೩. ರಾಣಾಗಳ ಕಾಲ

೧೮೪೬ರಲ್ಲಿ ಜಂಗ್‌ಬಹಾದೂರನು ಅಧಿಕಾರವನ್ನು ವಶಪಡಿಸಿಕೊಂಡಮೇಲೆ ೧೯೫೧ರವರೆಗೆ ರಾಣಾವಂಶದ ಪ್ರಧಾನಮಂತ್ರಿಗಳೇ ನೇಪಾಳವನ್ನು ಆಳಿದರು. ಅರಸನು ಹೆಸರಿಗೆ ಮಾತ್ರ ಅರಸನಾಗಿದ್ದನು. ಜಂಗ್‌ಬಹಾದೂರನು ೧೮೫೦ರಲ್ಲಿ ಇಂಗ್ಲೆಂಡು ಫ್ರಾನ್ಸುಗಳಿಗೆ ಯಾತ್ರೆ ಮಾಡಿ, ಇಂಗ್ಲಿಷ್ ವಿದ್ಯೆಯಿಂದ ಆಗುವ ಪ್ರಯೋಜನವನ್ನು ಕಣ್ಣಾರೆ ಕಂಡು ಹಿಂದಿರುಗಿದನು. ಅದರ ಫಲವಾಗಿ ೧೮೫೪ರಲ್ಲಿ ದರಬಾರ್ ಶಾಲೆಯು ಹುಟ್ಟಿತು. ಮೊದಲು ಅದು ಥಾಪಾಥಲಿಯ ಅರಮನೆಯಲ್ಲಿ ರಾಣಾಗಳ ಮಕ್ಕಳಿಗಾಗಿಯೇ ನಡೆಯುತ್ತಿತ್ತು. ಜನರಿಗೆ ಜಾತಿಯ ಮೇಲುಕೀಳುಗಳನ್ನು ಅನುಸರಿಸಿ ದಂಡನೀತಿಯನ್ನು ವಿಧಿಸಿದ “ಮುಲುಕಿ ಐನ್” ಎಂಬ ಧರ್ಮಸಂಹಿತೆಯು ಪ್ರಕಟವಾದದ್ದೂ ಇದೇ ೧೮೫೪ರಲ್ಲಿ. ಇವೆರಡೂ ಒಂದೇ ಮನೋಭಾವದ ಎರಡು ಕಾರ್ಯಗಳು: ವಿದ್ಯೆಯೂ ದಂಡನೆಯೂ ಜನ್ಮವನ್ನು ನೋಡಿಯೇ ಹಂಚಲ್ಪಟ್ಟವು.

ವೀರಶಂಶೇರನ ಕಾಲದಲ್ಲಿ ಶಾಲೆಗೆ ರಾಣೀಪೋಖರಿಯೆಂಬ ಕೊಳದ ಎದುರಿನಲ್ಲಿ ದೊಡ್ಡ ಕಟ್ಟಡವಾಯಿತು. ಕ್ರಮೇಣ ಇತರರ ಮಕ್ಕಳಿಗೂ ಪ್ರವೇಶ ದೊರಕಿತು. ಆದರೆ ಅಂತಿಮ ಪರೀಕ್ಷೆಯು ಕಲಕತ್ತೆಯ ವಿಶ್ವವಿದ್ಯಾನಿಲಯದ್ದಾದ್ದರಿಂದ ಅದಕ್ಕೆ ಕುಳಿತುಕೊಳ್ಳುವವನು ಬೆಟ್ಟವನ್ನಿಳಿದು ಪರದೇಶಕ್ಕೆ ಹೋಗಬೇಕಾಗಿತ್ತು. ನೇಪಾಳವು ತನ್ನದೇ ಆದ ಎಸ್. ಎಲ್. ಸಿ. ಪರೀಕ್ಷೆಯನ್ನು ನಡೆಸತೊಡಗಿದ್ದು ೧೯೩೪ರಲ್ಲಿ.

ರಾಣಾಗಳಲ್ಲಿ ಒಬ್ಬನು ಮಾತ್ರ ಬೇರೆ ಬಗೆಯಲ್ಲಿ ಯೋಚಿಸಿದನು. ೧೯೦೧ರಲ್ಲಿ ೧೧೪ ದಿವಸಗಳ ಮಟ್ಟಿಗೆ ಅಧಿಕಾರದಲ್ಲಿದ್ದ ದೇವಶಂಶೇರನು “ಗೋರಖಾಪತ್ರ”ವೆಂಬ ವಾರಪತ್ರಿಕೆಯನ್ನು ಹೊರಡಿಸಿ, ದೇಶಭಾಷೆಯಲ್ಲಿ ಓದುಬರಹಗಳನ್ನು ಕಲಿಸುವ ಭಾಷಾಪಾಠಶಾಲೆಗಳನ್ನು ತೆರೆಯಿಸಿದನು. ಸಹೋದರರು ಅವನನ್ನು ಪದಚ್ಯುತನನ್ನಾಗಿ ಮಾಡಿದರು. ಆ ಶಾಲೆಗಳಲ್ಲಿ ಬಹುಭಾಗವು ಪೋಷಣೆಯಿಲ್ಲದೆ ನಿಂತುಹೋದವು.

ಅವನ ತರುವಾಯ ಬಂದ ಚಂದ್ರಶಂಶೇರನು ತಾನೇ ಕಲಕತ್ತೆಯ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದವನು. ೧೯೧೮ರಲ್ಲಿ ಅವನು ತ್ರಿಚಂದ್ರ ಕಾಲೇಜನ್ನು ಸ್ಥಾಪಿಸಿದನು. ಮೊದಲು ಕಲಕತ್ತೆಯ, ಆಮೇಲೆ ಪಾಟನಾದ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಈ ಕಾಲೇಜೇ ನೇಪಾಳದ ಮೊದಲ ಉಚ್ಚವಿದ್ಯಾಲಯ. ಅದನ್ನು ತೆರೆಯುವಾಗ ಅವನು, ರಾಣಾಗಳ ಆಳಿಕೆಗೆ ಇದೇ ಕೊಡಲಿಯಾದೀತೆಂದು ಮರುಗಿದನೆಂಬ ಐತಿಹ್ಯವೊಂದುಂಟು. ಐತಿಹ್ಯವು ನಿಜವೇ ಆಗಲಿ ಅಲ್ಲವೇ ಆಗಲಿ, ಆ ಕಾಲದ ಸರ್ಕಾರದ ನಡತೆಯು ಅಂಥ ಭಯವನ್ನೇ ತೋರಿಸುತ್ತದೆ. ಯಾವ ಪುಸ್ತಕವೂ ಸರ್ಕಾರದ ಪರಿಶೀಲನೆಯನ್ನು ದಾಟದೆ ಅಚ್ಚಾಗಕೂಡದೆಂಬ ನಿಯಮವಿತ್ತು. ೧೯೨೦ರಲ್ಲಿ ಕೃಷ್ಣಲಾಲನೆಂಬ ಅಧಿಕಾರಿಯು ಮೆಕ್ಕೆಜೋಳದ ಬೇಸಾಯವನ್ನು ಕುರಿತು ಒಂದು ಪುಸ್ತಕವನ್ನು ಬರೆದನು. ಅದರಲ್ಲಿ ಆಳುವವರನ್ನು ವ್ಯಂಗ್ಯವಾಗಿ ನಿಂದಿಸಿದ್ದಾನೆಂದು ಆಪಾದಿಸಿ ಅವನನ್ನು ಸೆರೆಮನೆಗೆ ಹಾಕಲಾಯಿತು. ಅವನು ಸೆರೆಯಲ್ಲಿಯೇ ಸತ್ತನು. ೧೯೩೦ರಲ್ಲಿ ಕಾಠಮಾಂಡುವಿನ ಕೆಲವು ಮಂದಿ ವಿದ್ಯಾವಂತರು ಸಾರ್ವಜನಿಕ ಪುಸ್ತಕಾಲಯವೊಂದನ್ನು ಸ್ಥಾಪಿಸಲು ಯತ್ನಿಸಿದ್ದಕ್ಕೆ ಅವರಿಗೆ ದಂಡವನ್ನು ವಿಧಿಸಲಾಯಿತು. ಆ ದಂಡವನ್ನು ತೆತ್ತವರಲ್ಲಿ ಲಕ್ಷ್ಮೀಪ್ರಸಾದ ದೇವಕೋಟಾ ಒಬ್ಬರು. ಅವರೇ ಮುಂದೆ ನೇಪಾಳಿಯ ಮಹಾಕವಿಗಳೆಂದು ಪ್ರಖ್ಯಾತರಾಗಿ, ೧೯೫೭ರಲ್ಲಿ ಆ ದೇಶದ ವಿದ್ಯಾಮಂತ್ರಿಗಳಾದರು.

೪. “ಜಯತು ಸಂಸ್ಕೃತಮ್”

ರಾಣಾಗಳು ಇಂಗ್ಲಿಷಿಗೆ ಅಂಜಿದಷ್ಟು ಸಂಸ್ಕೃತಕ್ಕೆ ಅಂಜಲಿಲ್ಲ. ಸಂಸ್ಕೃತವನ್ನು ಓದುವವನು ಪೂಜೆ ಪುರಾಣ ಜ್ಯೌತಿಷಗಳಲ್ಲಿಯೇ ಇದ್ದು, ರಾಜ್ಯದ ವಿಷಯದಲ್ಲಿ ಮೌನವಾಗಿರುವನೆಂದು ಅವರು ನಂಬಿದ್ದರು. ಆದಕಾರಣ ರಾಣೀಪೋಖರಿಯ ಸಂಸ್ಕೃತಪಾಠಶಾಲೆಗೂ, ಪರಸ್ಥಳದ ಬಡವಿದ್ಯಾರ್ಥಿಗಳಿಗೆ ಅನ್ನವಸತಿಗಳನ್ನು ಕೊಡುತ್ತಿದ್ದ ತೀನ್‌ಧಾರಾ ಛಾತ್ರಾಲಯಕ್ಕೂ ರಾಜಪೋಷಣೆಯಿತ್ತು. ಬೆಟ್ಟದ ಹಳ್ಳಿಗಳಿಂದ ಕಾಲ್ನಡೆಯಲ್ಲಿ ಬಂದ ಬ್ರಾಹ್ಮಣವಟುಗಳು ಅಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ವ್ಯಾಸಂಗ ಮಾಡುತ್ತಿದ್ದರು. ಆದರೆ ಭೂಗೋಳ, ಇತಿಹಾಸ, ಆಧುನಿಕ ಗಣಿತ ಮೊದಲಾದವುಗಳ ಗಂಧವೂ ಅವರಿಗೆ ಸೋಕುವಂತಿರಲಿಲ್ಲ. ಶಾಸ್ತ್ರಿ ಆಚಾರ್ಯ ಪರೀಕ್ಷೆಗಳಲ್ಲಿ ಉತ್ತೀರ್ಣನಾದವನಿಗೂ ಇಂಗ್ಲಿಷು ಬಲ್ಲ ಗುಮಾಸ್ತನಿಗೆ ದೊರಕುವ ಸ್ಥಾನ ದೊರಕುತ್ತಿರಲಿಲ್ಲ.

೧೯೪೭ರ ಜೂನ್ ತಿಂಗಳಲ್ಲಿ, ಪದ್ಮಶಂಶೇರನು ಪ್ರಧಾನಮಂತ್ರಿಯಾಗಿದ್ದಾಗ, ಈ ವಿದ್ಯಾರ್ಥಿಗಳೇ ತಿರುಗಿಬಿದ್ದರು. “ಜಯತು ಸಂಸ್ಕೃತಮ್” ಎಂಬುದು ಅವರ ಘೋಷವಾಗಿತ್ತು. ಚರಿತ್ರೆಯಲ್ಲಿ ಆ ಚಳವಳಿಗೆ ಅದೇ ಹೆಸರು ನಿಂತಿದೆ. ಹೆಸರನ್ನು ಮಾತ್ರ ಕೇಳಿದವರು ಇದನ್ನು ಹಳೆಯ ವಿದ್ಯೆಯ ಪಕ್ಷಪಾತಿಗಳು ಹೊಸ ವಿದ್ಯೆಯ ಮೇಲೆ ಹೂಡಿದ ವಾದವೆಂದು ಊಹಿಸಬಹುದು. ಸಂಗತಿಯು ಇದಕ್ಕೆ ವಿಪರೀತವಾದುದು. ತಮಗೆ ಶಾಸ್ತ್ರಗಳ ಜತೆಯಲ್ಲಿ ಇತಿಹಾಸ ಭೂಗೋಳ ಗಣಿತಾದಿಗಳನ್ನೂ ಕಲಿಸಬೇಕೆಂಬುದೇ ಅವರ ಪ್ರಾರ್ಥನೆಯಾಗಿತ್ತು. ಸಂಸ್ಕೃತವನ್ನು ಬಿಡುತ್ತೇವೆಂದು ಅವರು ಹೇಳಲಿಲ್ಲ. ಸಂಸ್ಕೃತದ ಹೆಸರಿನಲ್ಲಿ ತಮ್ಮನ್ನು ಲೋಕದಿಂದ ದೂರವಿಡಬೇಡಿರೆಂದು ಹೇಳಿದರು.

ಸರ್ಕಾರವು ಮುಂದಾಳುಗಳಾದ ವಿದ್ಯಾರ್ಥಿಗಳನ್ನು ಗಡೀಪಾರು ಮಾಡಿತು. ಅವರಲ್ಲಿ ಹಲವರು ಕಾಶಿಯನ್ನು ಸೇರಿ, ಅಲ್ಲಿ ರಾಣಾಗಳ ವಿರುದ್ಧವಾಗಿ ನಡೆಯುತ್ತಿದ್ದ ರಾಜಕೀಯ ಕಾರ್ಯದಲ್ಲಿ ತೊಡಗಿದರು. ಮೌನವಾಗಿರುವರೆಂದು ನಂಬಿ ಅನ್ನವಿಟ್ಟು ಸಾಕಿದ ಪಾಠಶಾಲೆಯಿಂದಲೇ, ಆ ದೇಶದ ವಿದ್ಯಾರ್ಥಿಚಳವಳಿಗಳಲ್ಲಿ ಮೊದಲನೆಯದೆಂದು ಪರಿಗಣಿತವಾದದ್ದು ಹೊರಟಿತು. ನಾಲ್ಕು ವರ್ಷಗಳೊಳಗಾಗಿ, ೧೯೫೧ರಲ್ಲಿ, ರಾಣಾಗಳ ಆಳಿಕೆಯು ಮುಗಿಯಿತು.

೫. ರಾಷ್ಟ್ರೀಯ ಯೋಜನೆಗಳು

ಹೊಸ ಸರ್ಕಾರದ ಕೈಗೆ ಬಂದ ದೇಶದ ಸ್ಥಿತಿಯನ್ನು ೧೯೫೨–೫೪ರ ಜನಗಣತಿಯು ತಿಳಿಸುತ್ತದೆ. ಅಕ್ಷರಸ್ಥರು ನೂರಕ್ಕೆ ೫.೩ ಮಂದಿ. ೧೯೫೪ರಲ್ಲಿ ರಾಷ್ಟ್ರೀಯ ವಿದ್ಯಾಯೋಜನಾ ಮಂಡಲಿಯೊಂದು ನಿಯಮಿತವಾಯಿತು. “ರೂಪಮತಿ”ಯೆಂಬ ಕಾದಂಬರಿಯಿಂದ ನೇಪಾಳಿ ಸಾಹಿತ್ಯದಲ್ಲಿ ಹೆಸರಾದ ರುದ್ರರಾಜ ಪಾಂಡೆಯವರು ಅದರ ಅಧ್ಯಕ್ಷರು. ಅಮೆರಿಕದ ಹ್ಯೂ ವುಡ್ ಎಂಬವರು ಸಲಹೆಗಾರರು. ೧೯೫೬ರಲ್ಲಿ ಪ್ರಕಟವಾದ ಇದರ ವರದಿಯು ಪ್ರಾಥಮಿಕ ವಿದ್ಯೆಯು ಎಲ್ಲರಿಗೂ ದೊರೆಯಬೇಕೆಂದೂ ಉಪಾಧ್ಯಾಯರಿಗೆ ತರಬೇತಿಯಾಗಬೇಕೆಂದೂ ವಿಧಿಸಿತು. ಜೊತೆಗೆ, ನೇಪಾಳಿಯೊಂದೇ ಶಾಲೆಯ ಭಾಷೆಯಾಗಬೇಕೆಂದೂ, ಹಾಗಾದಲ್ಲಿ ಇತರ ಭಾಷೆಗಳು ಕಾಲಕ್ರಮದಲ್ಲಿ ಹಿಂದೆ ಸರಿದು ರಾಷ್ಟ್ರೈಕ್ಯವು ಬಲವಾಗುವುದೆಂದೂ ಅದು ಅಭಿಪ್ರಾಯಪಟ್ಟಿತು. ಬಾಗಿಲನ್ನು ತೆರೆದ ಕೈಯೇ ಒಳಗೆ ಬರುವವರು ತಮ್ಮ ಮಾತನ್ನು ಹೊರಗಿಟ್ಟು ಬರಬೇಕೆಂದು ಹೇಳಿದಂತಾಯಿತು.

ಆ ಮಾತುಗಳಿಗೂ ಗ್ರಂಥಸಂಪತ್ತಿತ್ತೆಂಬುದಕ್ಕೆ ಭಕ್ತಪುರದ ಜಗತ್ಸುಂದರ ಮಲ್ಲರ (೧೮೮೨–೧೯೫೨) ನಿದರ್ಶನವು ಸಾಕು. ರಾಣಾಗಳ ಕಾಲದಲ್ಲಿಯೇ ಅವರು ತಮ್ಮ ಮನೆಯಲ್ಲಿ ಮಕ್ಕಳಿಗೆ ಪಾಠಹೇಳಿ, ಈಸೋಪನ ಕಥೆಗಳನ್ನು ಅವರ ಮನೆಮಾತಾದ ನೇವಾರಿಗೆ, ಎಂದರೆ ನೇಪಾಳಭಾಷೆಗೆ, ತಂದಿದ್ದರು. ಮಗುವು ಮೊದಲು ತನಗೆ ತಿಳಿಯುವ ಮಾತಿನಲ್ಲಿ ಕಲಿಯಬೇಕೆಂಬುದು ಅವರ ಮತವಾಗಿತ್ತು.

೧೯೭೧ರಲ್ಲಿ ಮಹೇಂದ್ರರಾಜನ ಆಳಿಕೆಯಲ್ಲಿ “ರಾಷ್ಟ್ರೀಯ ಶಿಕ್ಷಾಪದ್ಧತಿಯ ಯೋಜನೆ”ಯು ಜಾರಿಗೆ ಬಂತು. ಅಲ್ಲಿಯವರೆಗೆ ಊರಿನವರು ಚಂದಾ ಎತ್ತಿ ನಡೆಸುತ್ತಿದ್ದ ಶಾಲೆಗಳನ್ನು ಸರ್ಕಾರವು ವಹಿಸಿಕೊಂಡಿತು. ದೇಶಕ್ಕೆಲ್ಲ ಒಂದೇ ಪಾಠಕ್ರಮವೂ ಒಂದೇ ಬಗೆಯ ಪುಸ್ತಕಗಳೂ ಆದವು. ಸ್ನಾತಕೋತ್ತರ ವಿದ್ಯಾರ್ಥಿಯು ಪದವಿಯನ್ನು ಪಡೆಯುವ ಮೊದಲು ಒಂದು ವರ್ಷಕಾಲ ಹಳ್ಳಿಯಲ್ಲಿದ್ದು ಪಾಠಹೇಳುವುದೇ ಮುಂತಾದ ಸೇವೆಯನ್ನು ಸಲ್ಲಿಸಬೇಕೆಂಬುದು ಈ ಯೋಜನೆಯ ವಿಶೇಷ. ನಗರದ ಯುವಕರು ಬೆಟ್ಟದ ಹಳ್ಳಿಗಳನ್ನು ಕಂಡದ್ದೂ ಹಳ್ಳಿಯ ಮಕ್ಕಳು ಪದವೀಧರನನ್ನು ಕಂಡದ್ದೂ ಇದರಿಂದ. ಆದರೆ ೧೯೭೯ರ ವಿದ್ಯಾರ್ಥಿಚಳವಳಿಯು ೧೯೮೦ರ ಜನಮತಗಣನೆಗೆ ಕಾರಣವಾದ ಗಲಭೆಯ ಸಮಯದಲ್ಲಿ ಈ ಸೇವಾಕ್ರಮವು ನಿಂತುಹೋಯಿತು. ಖಾಸಗಿ ಶಾಲೆಗಳಿಗೆ ಮರಳಿ ಅವಕಾಶವಾಯಿತು.

೬. ಈಗಿನ ಶಾಲಾಕ್ರಮ

೨೦೧೫ರ ಸಂವಿಧಾನದ ೩೧ನೆಯ ವಿಧಿಯು ಪ್ರಾರಂಭದ ಹಂತದ ವಿದ್ಯೆಯು ಕಡ್ಡಾಯವೂ ಉಚಿತವೂ ಆಗಿರಬೇಕೆಂದೂ, ಮಾಧ್ಯಮಿಕ ಹಂತದವರೆಗೆ ಉಚಿತವಾಗಿರಬೇಕೆಂದೂ ಹೇಳಿ, ಮಾತೃಭಾಷೆಯಲ್ಲಿ ವಿದ್ಯೆಯನ್ನು ಪಡೆಯುವ ಹಕ್ಕನ್ನು ಕೊಟ್ಟಿದೆ. ೨೦೧೮ರ ಕಾನೂನು ಇದನ್ನು ವಿಸ್ತರಿಸಿತು. ೨೦೧೬ರ ತಿದ್ದುಪಡಿಯಿಂದ ಶಾಲೆಯು ಎರಡು ಹಂತಗಳಾಗಿದೆ. ಒಂದರಿಂದ ಎಂಟನೆಯ ತರಗತಿಯವರೆಗೆ “ಆಧಾರಭೂತ”ವೆಂದೂ, ಒಂಬತ್ತರಿಂದ ಹನ್ನೆರಡರವರೆಗೆ “ಮಾಧ್ಯಮಿಕ”ವೆಂದೂ ಹೆಸರು. ಶಾಲೆಗಳ ಸಂಖ್ಯೆ ಸುಮಾರು ೩೫ ಸಾವಿರ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಸರ್ಕಾರದ ಹಣದಿಂದ ನಡೆಯುವ “ಸಾಮುದಾಯಿಕ” ಶಾಲೆಗಳು. ಬೌದ್ಧರ ಗುಂಬಾಗಳೂ ಮುಸಲ್ಮಾನರ ಮದರಸಗಳೂ ವೇದಪಾಠದ ಗುರುಕುಲಗಳೂ ಪಾಠಕ್ರಮದ ಚೌಕಟ್ಟಿನೊಳಗೆ ಸೇರಲು ಅವಕಾಶವಿದೆ. ಶಾಲೆಗಳ ಆಡಳಿತವು ರಾಜಧಾನಿಯ ಇಲಾಖೆಯಿಂದ ೭೫೩ ಸ್ಥಳೀಯ ಸರ್ಕಾರಗಳಿಗೆ ಬಂದಿದೆ.

ಹತ್ತನೆಯ ತರಗತಿಯ ಎಸ್. ಎಲ್. ಸಿ. ಪರೀಕ್ಷೆಗೆ ಜನರು “ಫಲಾಮೇ ಢೋಕಾ”, ಎಂದರೆ ಕಬ್ಬಿಣದ ಬಾಗಿಲು, ಎಂದು ಹೆಸರಿಟ್ಟಿದ್ದರು. ಹಳ್ಳಿಯ ಶಾಲೆಯಲ್ಲಿ ಓದಿದ ಬಹುಮಂದಿ ಮಕ್ಕಳು ಅದರ ಮುಂದೆಯೇ ನಿಂತುಬಿಡುತ್ತಿದ್ದರು. ಅಂಕಗಳಿಗೆ ಬದಲಾಗಿ ಅಕ್ಷರಶ್ರೇಣಿಗಳು ಬಂದವು; ೨೦೧೭ರಿಂದ ಎಸ್. ಇ. ಇ. ಎಂಬ ಹೊಸ ಹೆಸರು ಬಂತು. ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನು ರಾಷ್ಟ್ರೀಯ ಪರೀಕ್ಷಾಮಂಡಲಿಯು ನಡೆಸುತ್ತದೆ. ಬಾಗಿಲಿನ ಹೆಸರು ಬದಲಾದರೂ ಅದರ ಎರಡು ಪಾರ್ಶ್ವಗಳ ಅಂತರವು ಪೂರ್ತಿಯಾಗಿ ಹೋಗಿಲ್ಲ. ಇಂಗ್ಲಿಷಿನಲ್ಲಿ ಕಲಿಸುವ ಖಾಸಗಿ ಶಾಲೆಯನ್ನು ನೇಪಾಳದಲ್ಲಿ “ಬೋರ್ಡಿಂಗ್” ಎನ್ನುತ್ತಾರೆ. ಮಕ್ಕಳು ಅಲ್ಲಿ ವಾಸಮಾಡದಿದ್ದರೂ ಹೆಸರು ಅದೇ. ಶುಲ್ಕ ಕೊಡಬಲ್ಲ ತಂದೆತಾಯಿಗಳು ಮಕ್ಕಳನ್ನು ಅಲ್ಲಿಗೇ ಕಳುಹಿಸುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ಮಾತೃಭಾಷೆಗಳಲ್ಲಿ ಸರ್ಕಾರವು ಪಠ್ಯಪುಸ್ತಕಗಳನ್ನು ಸಿದ್ಧಪಡಿಸಿದ್ದರೂ, ಇಂಗ್ಲಿಷಿನ ಆಕರ್ಷಣೆಯ ಮುಂದೆ ಅವುಗಳ ಬಳಕೆಯು ಮಿತವಾಗಿಯೇ ಇದೆ.

ಇಷ್ಟಾದರೂ ಸಾಧನೆಯು ಅಲ್ಪವೆನ್ನಲಾಗದು. ನೂರಕ್ಕೆ ೫.೩ ಇದ್ದ ಅಕ್ಷರಸ್ಥರ ಪ್ರಮಾಣವು ೨೦೦೧ರಲ್ಲಿ ೫೪.೧, ೨೦೧೧ರಲ್ಲಿ ೬೫.೯, ೨೦೨೧ರಲ್ಲಿ ೭೬.೨ ಆಯಿತು. ೨೦೨೧ರಲ್ಲಿ ಪುರುಷರಲ್ಲಿ ಇದು ೮೩.೬, ಸ್ತ್ರೀಯರಲ್ಲಿ ೬೯.೪. ೨೦೧೫ರ ಭೂಕಂಪದಲ್ಲಿ ಸಾವಿರಾರು ಕೊಠಡಿಗಳು ಕುಸಿದುಬಿದ್ದಾಗ ತಗಡಿನ ಚಪ್ಪರಗಳ ಕೆಳಗೆ ಪಾಠಗಳು ಮುಂದುವರಿದುವು. ಆಗ ಜಖಂಗೊಂಡ ರಾಣೀ­ಪೋಖರಿಯ ಹಳೆಯ ದರಬಾರ್ ಶಾಲೆಯೂ ಪುನರ್ನಿರ್ಮಾಣವಾಗಿ ಸಾಮಾನ್ಯರ ಮಕ್ಕಳ ಶಾಲೆಯಾಗಿ ನಿಂತಿದೆ.

೭. ವಿಶ್ವವಿದ್ಯಾನಿಲಯಗಳು

ನೇಪಾಳದ ಮೊದಲ ವಿಶ್ವವಿದ್ಯಾನಿಲಯವಾದ ತ್ರಿಭುವನ ವಿಶ್ವವಿದ್ಯಾನಿಲಯವು ೧೯೫೯ರಲ್ಲಿ ಸ್ಥಾಪಿತವಾಯಿತು. ಅದರ ಕೇಂದ್ರವು ಕಾಠಮಾಂಡುವಿನ ಬಳಿಯ ಕೀರ್ತಿಪುರದಲ್ಲಿದೆ. ಸುಮಾರು ೬೦ ಆಂಗಿಕ ಕಾಲೇಜುಗಳೂ ಸಾವಿರಕ್ಕೂ ಮೀರಿದ ಸಂಬದ್ಧ ಕಾಲೇಜುಗಳೂ ಇದಕ್ಕೆ ಸೇರಿವೆ. ದೇಶದ ಉಚ್ಚವಿದ್ಯಾರ್ಥಿಗಳಲ್ಲಿ ಮುಕ್ಕಾಲು ಭಾಗದಷ್ಟು ಮಂದಿ ಇದರವರೇ. ೧೯೮೬ರವರೆಗೆ ಇದೊಂದೇ ವಿಶ್ವವಿದ್ಯಾನಿಲಯವಾಗಿತ್ತು. ಆ ವರ್ಷ ದಾಂಗ್ ಕಣಿವೆಯ ಬೇಲ್‌ಝುಂಡಿಯಲ್ಲಿ ಮಹೇಂದ್ರ ಸಂಸ್ಕೃತ ವಿಶ್ವವಿದ್ಯಾನಿಲಯವು ಹುಟ್ಟಿತು. ೧೯೯೧ರಲ್ಲಿ ಧುಲಿಖೇಲಿನಲ್ಲಿ ಕಾಠಮಾಂಡು ವಿಶ್ವವಿದ್ಯಾನಿಲಯವೂ, ತರುವಾಯ ಪೂರ್ವಾಂಚಲ, ಪೋಖರಾ, ಲುಂಬಿನೀ ಬೌದ್ಧ ವಿಶ್ವವಿದ್ಯಾನಿಲಯಗಳೂ ಬಂದವು. ೨೦೧೦ರಲ್ಲಿ ಮಧ್ಯಪಶ್ಚಿಮ ಸುದೂರಪಶ್ಚಿಮಗಳಿಗೂ ಕೃಷಿ ಅರಣ್ಯಶಾಸ್ತ್ರಗಳಿಗೂ ಬೇರೆಬೇರೆ ವಿಶ್ವವಿದ್ಯಾನಿಲಯಗಳಾದವು. ರಾಜಧಾನಿಗೆ ಬರಲಾರದವರಿಗಾಗಿ ೨೦೧೬ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವೂ ಏರ್ಪಟ್ಟಿತು. ಅರಸೊತ್ತಿಗೆಯು ೨೦೦೮ರಲ್ಲಿ ರದ್ದಾಗುವ ಮೊದಲು ಅರಸನು ಕುಲಪತಿಯಾಗಿದ್ದನು. ಗಣರಾಜ್ಯದಲ್ಲಿ ಆ ಸ್ಥಾನವು ಪ್ರಧಾನಮಂತ್ರಿಗೆ ಬಂತು.

ಇಲ್ಲಿ ಪರಿಭಾಷೆಯನ್ನು ಕುರಿತು ಒಂದು ಮಾತು. ಕುಲಪತಿ, ಉಪಕುಲಪತಿ, ಪ್ರಾಧ್ಯಾಪಕ, ಸ್ನಾತಕ, ಸ್ನಾತಕೋತ್ತರ ಎಂಬ ಶಬ್ದಗಳು ನೇಪಾಳದ ಕಛೇರಿಗಳಲ್ಲಿ ನಿತ್ಯವ್ಯವಹಾರದಲ್ಲಿವೆ. ಪರಮಪದವಿಯಾದ ಡಾಕ್ಟರೇಟಿಗೆ “ವಿದ್ಯಾವಾರಿಧಿ” ಎಂದು ಹೆಸರು. ಸಂಸ್ಕೃತವನ್ನು ಓದಿದವರು ವಿರಳರಾದರೂ ಸಂಸ್ಕೃತದ ಶಬ್ದವು ಪ್ರತಿಯೊಂದು ಪ್ರಮಾಣಪತ್ರದ ಮೇಲೂ ಉಳಿದಿದೆ.

ಈಗಿನ ದೊಡ್ಡ ಚಿಂತೆ ಬೇರೆಯದು. ಹೊರದೇಶಗಳಿಗೆ ವ್ಯಾಸಂಗಕ್ಕಾಗಿ ಹೋಗುವ ವಿದ್ಯಾರ್ಥಿಗಳಿಗೆ ಸರ್ಕಾರವು ಕೊಡುವ ಅನುಮತಿಪತ್ರಗಳ ಸಂಖ್ಯೆಯು ೨೦೨೨–೨೩ರ ಒಂದೇ ವರ್ಷದಲ್ಲಿ ಒಂದು ಲಕ್ಷವನ್ನು ಮೀರಿತು. ಹಿಂದೆ ಪರೀಕ್ಷೆಗೆ ಕುಳಿತುಕೊಳ್ಳಲು ಬೆಟ್ಟವನ್ನಿಳಿಯುತ್ತಿದ್ದವನು ಮರಳಿ ಬರುತ್ತಿದ್ದನು. ಈಗ ಇಳಿದುಹೋಗುವವರಲ್ಲಿ ಎಷ್ಟು ಮಂದಿ ಮರಳುವರೆಂಬುದೇ ಪ್ರಶ್ನೆ.

೮. ಸಂಸ್ಕೃತದ ಗತಿ

೧೯೪೭ರಲ್ಲಿ ಸಂಸ್ಕೃತವಿದ್ಯಾರ್ಥಿಗಳು ಕೇಳಿದ ಮಿಶ್ರಪಾಠಕ್ರಮವು ಕಾಲಕ್ರಮದಲ್ಲಿ ದೊರಕಿತು. ಶಾಸ್ತ್ರಿ ಆಚಾರ್ಯ ಪದವಿಗಳು ಬಿ. ಎ. ಎಂ. ಎ. ಪದವಿಗಳಿಗೆ ಸಮಾನವೆಂದು ಗಣಿಸಲ್ಪಟ್ಟವು. ಸಂಸ್ಕೃತ ವಿಶ್ವವಿದ್ಯಾನಿಲಯದಲ್ಲಿ ವ್ಯಾಕರಣ ನ್ಯಾಯ ಜ್ಯೌತಿಷಗಳ ಜತೆಗೆ ಆಯುರ್ವೇದವೂ ಆಧುನಿಕ ವಿಷಯಗಳೂ ಸೇರಿದವು. ಆದರೆ ಇದಕ್ಕೆ ವಿರುದ್ಧವಾದ ಇನ್ನೊಂದು ಘಟನೆಯು ನಡೆಯಿತು. ೧೯೯೦ರ ದಶಕದಲ್ಲಿ ಶಾಲೆಯ ಕೆಳಮಾಧ್ಯಮಿಕ ತರಗತಿಗಳಲ್ಲಿ ಸಂಸ್ಕೃತವು ಎಲ್ಲ ಮಕ್ಕಳಿಗೂ ಕಡ್ಡಾಯವಾಗಿತ್ತು. ತಮಾಂಗ, ಗುರುಂಗ, ರಾಯಿ, ಲಿಂಬು ಮೊದಲಾದ ಜನಾಂಗಗಳ ನಾಯಕರು, ತಮ್ಮ ಭಾಷೆಗಳಿಗೆ ಶಾಲೆಯಲ್ಲಿ ಸ್ಥಾನವಿಲ್ಲದಿರುವಾಗ ಮೇಲುಜಾತಿಯವರ ಶಾಸ್ತ್ರಭಾಷೆಯನ್ನು ತಮ್ಮ ಮಕ್ಕಳ ಮೇಲೆ ಹೇರುವುದು ಅನ್ಯಾಯವೆಂದು ಆಕ್ಷೇಪಿಸಿದರು. ಆಗ ನಡೆಯುತ್ತಿದ್ದ ಮಾವೋವಾದಿಗಳ ಬಂಡಾಯವು ಈ ಆಕ್ಷೇಪವನ್ನು ತನ್ನದನ್ನಾಗಿ ಮಾಡಿಕೊಂಡಿತು. ೨೦೦೨ರಲ್ಲಿ ದಾಂಗಿನ ಸಂಸ್ಕೃತ ವಿಶ್ವವಿದ್ಯಾನಿಲಯವು ಬಂಡುಕೋರರ ದಾಳಿಗೆ ತುತ್ತಾಯಿತು. ತರುವಾಯ ಶಾಲೆಗಳಲ್ಲಿ ಸಂಸ್ಕೃತದ ಕಡ್ಡಾಯವು ಹೋಯಿತು. ವಿಶ್ವವಿದ್ಯಾನಿಲಯವು ಮಹೇಂದ್ರನ ಹೆಸರನ್ನು ಬಿಟ್ಟು ನೇಪಾಳ ಸಂಸ್ಕೃತ ವಿಶ್ವವಿದ್ಯಾನಿಲಯವೆಂಬ ಹೆಸರಿನಿಂದ ನಡೆದುಬರುತ್ತಿದೆ.

೯. ಉಪಸಂಹಾರ

ಮೇಲಣ ವೃತ್ತಾಂತದಲ್ಲಿ ಎರಡು ಪೂರ್ವಪಕ್ಷಗಳು ಕಾಣಬರುತ್ತವೆ. ಶಾಸ್ತ್ರವಿದ್ಯೆಯನ್ನು ಲೋಕವಿದ್ಯೆಯ ಸಂಪರ್ಕವಿಲ್ಲದೆ ಪ್ರತ್ಯೇಕವಾಗಿಟ್ಟರೆ ಅದು ಶುದ್ಧವಾಗಿ ಉಳಿಯುವುದೆಂಬುದು ಒಂದು. ಅದನ್ನು ಎಲ್ಲರಿಗೂ ಕಡ್ಡಾಯ ಮಾಡಿದರೆ ಅದು ಉಳಿಯುವುದೆಂಬುದು ಇನ್ನೊಂದು. ರಾಣಾಗಳು ಮೊದಲನೆಯದನ್ನು ಅವಲಂಬಿಸಿದರು. ಆ ಪಾಠಶಾಲೆಯ ವಿದ್ಯಾರ್ಥಿಗಳೇ ಅದನ್ನು ಖಂಡಿಸಿದರು. ತರುವಾಯದ ಸರ್ಕಾರಗಳು ಎರಡನೆಯದನ್ನು ಅವಲಂಬಿಸಿದವು. ಒಂದು ಅಕ್ಷರವೂ ದ್ವೇಷಕ್ಕೆ ಪಾತ್ರವಲ್ಲದ ಭಾಷೆಯು ಅದರಿಂದ ದ್ವೇಷಕ್ಕೆ ಪಾತ್ರವಾಯಿತು. ನೇಪಾಳಿಯೊಂದೇ ಸಾಕೆಂದ ೧೯೫೬ರ ಮತಕ್ಕೂ ಇದೇ ಗತಿಯಾಗಿ, ಅದು ೨೦೧೫ರ ಸಂವಿಧಾನದಲ್ಲಿ ಮಾತೃಭಾಷೆಯ ಹಕ್ಕಿಗೆ ದಾರಿಬಿಡಬೇಕಾಯಿತು.

ಆದುದರಿಂದ ಸಿದ್ಧವಾಗುವುದೇನೆಂದರೆ, ಯಾವ ವಿದ್ಯೆಗೂ ಬೇಲಿಯಾಗಲಿ ಬಲಾತ್ಕಾರವಾಗಲಿ ರಕ್ಷೆಯಲ್ಲ. ಓದುವವನು ತಾನಾಗಿ ಅದನ್ನು ಬಯಸುವಂತಿರಬೇಕು. ಅದನ್ನು ಓದಿದವನಿಗೆ ಬೇರೆ ವಿದ್ಯೆಯ ಬಾಗಿಲು ಮುಚ್ಚಕೂಡದು. ಅದನ್ನು ಓದದವನ ಮಾತಿಗೆ ಅವಮಾನವಾಗಕೂಡದು. ತೀನ್‌ಧಾರೆಯ ಬಡವಟುಗಳು ದೇಶಭ್ರಷ್ಟರಾಗಿಯೂ “ಜಯತು ಸಂಸ್ಕೃತಮ್” ಎಂದದ್ದು ಈ ಅರ್ಥದಲ್ಲಿ. ಹಳೆಯ ಭಾಷೆಯನ್ನಾಗಲಿ ಹೊಸ ಭಾಷೆಯನ್ನಾಗಲಿ ತರಗತಿಯಲ್ಲಿ ಪಾಠಹೇಳುವವರೆಲ್ಲರೂ ಆ ಅರ್ಥವನ್ನು ಪರಾಮರ್ಶಿಸುವುದು ಯುಕ್ತವಾಗಿದೆ.